ಹೊಲದಲ್ಲಿ ದುಡಿಯುವವರಿಗೂ ಕಾನೂನಿನ ನೆರಳು ಬೇಕು

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಬಂಧುಗಳೇ,

ವ್ಯಾಟ್ಸನ್‌ವಿಲ್‌ನ ಸ್ಟ್ರಾಬೆರಿ, ಸಲೀನಾಸ್‌ನ ಲೆಟ್ಯೂಸ್, ಡೆಲಾನೊದ ದ್ರಾಕ್ಷಿ, ಜಾರ್ಜಿಯಾದ ಈರುಳ್ಳಿ ಇವೆಲ್ಲ ಇಂದಿಗೂ ಮನುಷ್ಯರ ಕೈಯಿಂದಲೇ ಕೊಯ್ಲಾಗುವ ಬೆಳೆಗಳು. ಈ ದೇಶದ ಬೆಳೆ ಹೊಲಗಳಲ್ಲಿ ದುಡಿಯುವ ಹತ್ತು ಮಂದಿಯಲ್ಲಿ ಸುಮಾರು ನಾಲ್ವರ ಬಳಿ ಇಲ್ಲಿರಲು ಬೇಕಾದ ಕಾಗದಪತ್ರವಿಲ್ಲ. ಇದು ಕಾರ್ಮಿಕ ಇಲಾಖೆಯ ಸಮೀಕ್ಷೆಯೇ ಹೇಳುವ ಮಾತು. ಅವರಲ್ಲಿ ಎಷ್ಟೋ ಜನ ಹತ್ತಿಪ್ಪತ್ತು ವರ್ಷದಿಂದ ಇಲ್ಲೇ ಬದುಕು ಕಟ್ಟಿಕೊಂಡಿದ್ದಾರೆ. ಇಲ್ಲೇ ಹುಟ್ಟಿದ ಅವರ ಮಕ್ಕಳು ಈ ದೇಶದ ಪ್ರಜೆಗಳು. ಇವರಿಗೆ ಕಾಯಂ ನೆಲೆಯ ಹಕ್ಕು ಸಿಗಬೇಕು, ಉಳಿದ ಕಾರ್ಮಿಕರಿಗಿರುವ ರಕ್ಷಣೆ ಇವರಿಗೂ ಸಿಗಬೇಕು. ಅದಕ್ಕಾಗಿ ಕನ್ನಡಿಗರೂ ದನಿ ಎತ್ತಬೇಕೆಂದು ಕೇಳಿಕೊಳ್ಳಲು ಈ ಕರಪತ್ರ ಹೊರಡಿಸಿದ್ದೇವೆ.

“ನಾವು ವರ್ಷಗಟ್ಟಲೆ ಸಾಲಿನಲ್ಲಿ ನಿಂತಿದ್ದೇವೆ, ಅವರು ಸಾಲು ಮುರಿದು ಬಂದರು” ಎಂಬ ಮಾತು ನಮ್ಮವರ ನಡುವೆ ಆಗಾಗ ಕೇಳಿಬರುತ್ತದೆ. ಆ ಮಾತಿನ ಹಿಂದಿನ ಸಂಕಟ ನಿಜವಾದದ್ದು. ಗ್ರೀನ್ ಕಾರ್ಡ್‌ಗೆ ಕಾಯುತ್ತಲೇ ತಲೆಗೂದಲು ನರೆತವರು, ಮಗಳಿಗೆ 21 ತುಂಬಿದೊಡನೆ ಅವಳ ವೀಸಾ ಏನಾಗುವುದೋ ಎಂದು ನಿದ್ದೆಗೆಟ್ಟವರು ನಮ್ಮಲ್ಲಿದ್ದಾರೆ. ಆದರೆ ನಮ್ಮ ಸಾಲು ಉದ್ದವಾದದ್ದು ಹೊಲದ ಕೂಲಿಗಳಿಂದಲ್ಲ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶದ ಪಾಲು ಶೇ. 7ನ್ನು ಮೀರಬಾರದು ಎಂಬ ಮಿತಿಯಿಂದ ಅದು ಉದ್ದವಾಯಿತು. ಇನ್ನು ಅವರಿಗೋ, ನಿಲ್ಲಲು ಸಾಲೇ ಇಲ್ಲ. ಹೊಲ, ಹೋಟೆಲು, ಕಟ್ಟಡ ಹೀಗೆ ವಿಶೇಷ ತರಬೇತಿ ಬೇಡದ ಎಲ್ಲ ಕೆಲಸಗಳಿಗೂ ಸೇರಿ, ಇಡೀ ಜಗತ್ತಿಗೆ, ವರ್ಷಕ್ಕೆ ಹೆಚ್ಚೆಂದರೆ 10,000 ಗ್ರೀನ್ ಕಾರ್ಡ್ ಎಂದು 1990ರ ಕಾಯಿದೆ ಮಿತಿ ಹಾಕಿತು. ಹೆಂಡತಿ ಮಕ್ಕಳ ಲೆಕ್ಕವೂ ಅದರಲ್ಲೇ. ಮೆಕ್ಸಿಕೊದ ಮಿಚೋಆಕಾನ್‌ನ ಒಬ್ಬ ರೈತ ನೆಟ್ಟಗಿನ ದಾರಿಯಲ್ಲೇ ಬರುತ್ತೇನೆಂದು ಹೊರಟರೆ ಯಾವ ಕಚೇರಿಗೆ ಅರ್ಜಿ ಹಾಕಬೇಕು?

ಅವನಿಗೆ ತೆರೆದಿರುವುದು ಎಚ್-2ಎ ಎಂಬ ಹಂಗಾಮಿ ವೀಸಾ. ಇತ್ತೀಚಿನ ವರ್ಷಗಳಲ್ಲಿ ಇದರಡಿ ವರ್ಷಕ್ಕೆ ಮೂರೂವರೆ ಲಕ್ಷಕ್ಕೂ ಹೆಚ್ಚು ಕೆಲಸಗಳಿಗೆ ಮಂಜೂರಾತಿ ಸಿಕ್ಕಿದೆ. ವರ್ಷ ವರ್ಷವೂ ಬಂದು ದುಡಿದರೂ ಈ ವೀಸಾದಿಂದ ಕಾಯಂ ನೆಲೆ ಹುಟ್ಟುವುದಿಲ್ಲ. ಮಲಗುವ ಕೋಣೆ ಮಾಲೀಕನದು, ಹೊಲಕ್ಕೆ ಒಯ್ಯುವ ಬಸ್ಸು ಮಾಲೀಕನದು, ವೀಸಾದ ಮೇಲಿನ ಹೆಸರೂ ಮಾಲೀಕನದು. ಬೇರೆಡೆಗೆ ಹೋಗಬೇಕೆಂದರೆ ಆ ಇನ್ನೊಬ್ಬ ಮಾಲೀಕನೂ ಸರ್ಕಾರದ ಮಂಜೂರಾತಿ ಪಡೆದು ಇವನ ಹೆಸರಿಗೆ ಅರ್ಜಿ ಹಾಕಬೇಕು. ಊರಲ್ಲಿ ಸಾಲ ಮಾಡಿ ಬಂದವನು, ಇಂಗ್ಲಿಷ್ ಬಾರದವನು, ಅಂಥ ಮಾಲೀಕನನ್ನು ಎಲ್ಲಿ ಹುಡುಕಿಯಾನು? ಇದು ಎಲ್ಲಿಗೆ ಮುಟ್ಟಬಹುದೆಂಬುದು 2021ರಲ್ಲಿ ಜಾರ್ಜಿಯಾದಲ್ಲಿ ಬಯಲಾಯಿತು. 24 ಮಂದಿಯ ಮೇಲೆ ಫೆಡರಲ್ ಸರ್ಕಾರ ಹೊರಿಸಿದ ಆರೋಪಪಟ್ಟಿಯ ಪ್ರಕಾರ, ಈ ವೀಸಾದಲ್ಲಿ ಬಂದವರ ದಾಖಲೆಗಳನ್ನು ಕಸಿದಿಟ್ಟುಕೊಂಡು, ಬಂದೂಕು ತೋರಿಸಿ ಬೆದರಿಸಿ, ಬರಿಗೈಯಲ್ಲಿ ಈರುಳ್ಳಿ ಅಗೆಸಲಾಗಿತ್ತು. ಬಕೆಟ್ಟಿಗೆ ಕೂಲಿ 20 ಸೆಂಟ್. ಎಲ್ಲ ತೋಟಗಳೂ ಹೀಗಿವೆ ಎಂದು ನಾವು ಹೇಳುತ್ತಿಲ್ಲ. ಆದರೆ ಒಬ್ಬನ ಊಟ, ವಸತಿ, ವೀಸಾ ಮೂರನ್ನೂ ಒಂದೇ ಕೈಗೆ ಕೊಟ್ಟ ವ್ಯವಸ್ಥೆಯಲ್ಲಿ ಒಳ್ಳೆಯ ಮಾಲೀಕ ಸಿಗುವುದು ಕೆಲಸಗಾರನ ಅದೃಷ್ಟವೇ ಹೊರತು ಹಕ್ಕಲ್ಲ. ಎಚ್-1ಬಿ ಮೇಲೆ ಬಂದು, ಕೆಲಸ ಹೋದ ದಿನದಿಂದ ಅರವತ್ತು ದಿನ ಎಣಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾಗದಪತ್ರ ಇದ್ದವರಿಗಾದರೂ ಕಾನೂನು ಸಮನಾಗಿದೆಯೇ? ಅದೂ ಇಲ್ಲ. ಸಂಘ ಕಟ್ಟುವ ಹಕ್ಕು ಕೊಟ್ಟ 1935ರ ಕಾಯಿದೆ ಹೊಲದ ಕೆಲಸಗಾರರನ್ನು ಹೊರಗಿಟ್ಟಿತು. ಕನಿಷ್ಠ ಕೂಲಿ, ಹೆಚ್ಚುವರಿ ದುಡಿಮೆಗೆ ಒಂದೂವರೆ ಪಟ್ಟು ಕೂಲಿ ಎಂದ 1938ರ ಕಾಯಿದೆಯೂ ಹಾಗೆಯೇ ಮಾಡಿತು. ದಕ್ಷಿಣದ ರಾಜ್ಯಗಳ ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನರ ಕೂಲಿ ಏರಬಾರದೆಂಬ ಅಲ್ಲಿನ ರಾಜಕಾರಣಿಗಳ ಹಟ ಇದರ ಹಿಂದಿತ್ತು. ಕನಿಷ್ಠ ಕೂಲಿ 1966ರಲ್ಲಿ ದೊಡ್ಡ ತೋಟಗಳಿಗೆ ಬಂತು. ಹೆಚ್ಚುವರಿ ದುಡಿಮೆಯ ಕೂಲಿ ಫೆಡರಲ್ ಕಾನೂನಿನಲ್ಲಿ ಇಂದಿಗೂ ಇಲ್ಲ. ತಂದೆತಾಯಿ ಒಪ್ಪಿದರೆ 12 ವರ್ಷದ ಮಗು ಶಾಲೆಯ ಸಮಯ ಬಿಟ್ಟು ಹೊಲದಲ್ಲಿ ಕೂಲಿ ಮಾಡಬಹುದು ಎನ್ನುತ್ತದೆ ಅದೇ ಕಾನೂನು. ಬೇರೆ ಯಾವ ಉದ್ಯಮದಲ್ಲಿ ಇದನ್ನು ನಾವು ಸಹಿಸುತ್ತಿದ್ದೆವು?

ಕ್ಯಾಲಿಫೋರ್ನಿಯಾದಲ್ಲಿ ಪರಿಸ್ಥಿತಿ ತುಸು ಮೇಲು. ಅದು ಪುಕ್ಕಟೆ ಬಂದದ್ದಲ್ಲ. 1965ರ ಸೆಪ್ಟೆಂಬರ್‌ನಲ್ಲಿ ಲ್ಯಾರಿ ಇಟ್ಲಿಯಾಂಗ್ ಮುಂದಾಳತ್ವದಲ್ಲಿ ಡೆಲಾನೊದ ಫಿಲಿಪಿನೊ ಕೂಲಿಗಳು ದ್ರಾಕ್ಷಿ ಕೊಯ್ಲು ನಿಲ್ಲಿಸಿದರು. ಮೆಕ್ಸಿಕನ್ ಕೂಲಿಗಳು ಕೆಲವೇ ದಿನಗಳಲ್ಲಿ ಜೊತೆಗೂಡಿದರು. ಮಾಲೀಕರು ಒಪ್ಪಂದಕ್ಕೆ ಬರಲು ಐದು ವರ್ಷ ಹಿಡಿಯಿತು. ಆ ಹೋರಾಟದ ಫಲವಾಗಿ 1975ರಲ್ಲಿ ಈ ರಾಜ್ಯದಲ್ಲಿ ಸಂಘ ಕಟ್ಟುವ ಹಕ್ಕು ಬಂತು. ದಿನವಿಡೀ ಸೊಂಟ ಬಗ್ಗಿಸಿ ಬೆನ್ನುಮೂಳೆ ಸವೆಸುತ್ತಿದ್ದ ಮೋಟು ಹಿಡಿಯ ಗುದ್ದಲಿಗೆ ನಿಷೇಧ ಬಿದ್ದದ್ದೂ ಅದೇ ವರ್ಷ. ಬಿಸಿಲಲ್ಲಿ ದುಡಿಯುವವರಿಗೆ ನೀರು, ನೆರಳು, ವಿಶ್ರಾಂತಿ ಕೊಡಲೇಬೇಕೆಂಬ ನಿಯಮ 2005ರಲ್ಲಿ ಬಂತು. ಇಡೀ ದೇಶಕ್ಕೆ ಅಂಥ ನಿಯಮದ ಕರಡು ಹೊರಬಿದ್ದದ್ದು 2024ರಲ್ಲಿ, ಅದಿನ್ನೂ ಕರಡೇ. ರಾಯಚೂರು, ಕಲಬುರಗಿಯ ಬೇಸಿಗೆ ಕಂಡವರು ಫ್ರೆಸ್ನೊದ ಜುಲೈ ಮಧ್ಯಾಹ್ನವನ್ನು ಊಹಿಸಿಕೊಳ್ಳಲಿ.

ಇವರು ನಮಗೆ ಸಂಬಂಧವಿಲ್ಲದವರು ಎನ್ನುವಂತಿಲ್ಲ. ಭಾರತೀಯರು ಪ್ರಜೆಗಳಾಗಲು ಅನರ್ಹರೆಂದು ಇಲ್ಲಿನ ಸುಪ್ರೀಂ ಕೋರ್ಟ್ 1923ರಲ್ಲಿ ತೀರ್ಪಿತ್ತಾಗ, ಇಂಪೀರಿಯಲ್ ಕಣಿವೆಯಲ್ಲಿ ಪಂಜಾಬಿನ ನೂರಾರು ಜನ ಹತ್ತಿ, ಕರಬೂಜ ಬೆಳೆಯುತ್ತಿದ್ದರು. ಬರ್ಕ್ಲಿಯಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದ ದಲೀಪ್ ಸಿಂಗ್ ಸೌಂದ್ ಅಲ್ಲಿ ಹತ್ತಿ ಬಿಡಿಸುವ ಆಳುಗಳ ಮೇಸ್ತ್ರಿಯಾಗಿ ದುಡಿದರು, ಬಳಿಕ ಲೆಟ್ಯೂಸ್ ಬೆಳೆದರು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದ 1946ರ ಕಾಯಿದೆಗಾಗಿ ಓಡಾಡಿದರು, 1949ರಲ್ಲಿ ಪ್ರಜೆಯಾದರು, 1956ರಲ್ಲಿ ಕಾಂಗ್ರೆಸ್ಸಿಗೆ ಆಯ್ಕೆಯಾದರು. ಆ ಕಾಯಿದೆಯ ಫಲವನ್ನು ನಾವೂ ಉಂಡಿದ್ದೇವೆ.

ನಾವು ಕೇಳುತ್ತಿರುವುದು ಹಿಂದೆಂದೂ ಆಗದ್ದೇನಲ್ಲ. 1986ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾಯಿದೆಯಡಿ ಹತ್ತು ಲಕ್ಷಕ್ಕೂ ಹೆಚ್ಚು ಹೊಲದ ಕೆಲಸಗಾರರಿಗೆ ನೆಲೆ ಸಿಕ್ಕಿತ್ತು. ಕೃಷಿ ಕೆಲಸಗಾರರಿಗಾಗಿ ತಂದ ಹೊಸ ಮಸೂದೆಗೆ ಕೆಳಮನೆ 2019ರಲ್ಲಿ, ಮತ್ತೆ 2021ರಲ್ಲಿ ಎರಡೂ ಪಕ್ಷಗಳ ಮತಗಳೊಂದಿಗೆ ಒಪ್ಪಿಗೆ ಕೊಟ್ಟಿತು. ಸೆನೆಟ್‌ನಲ್ಲಿ ಅದು ಕೊಳೆಯಿತು. ಅದರಲ್ಲೂ ನಮಗೊಂದು ತಕರಾರಿದೆ. ಹತ್ತು ವರ್ಷ ಹೊಲದಲ್ಲಿ ದುಡಿದವರು ಇನ್ನೂ ನಾಲ್ಕು ವರ್ಷ, ಉಳಿದವರು ಎಂಟು ವರ್ಷ ಅದೇ ಕೆಲಸದಲ್ಲಿ ಇದ್ದರಷ್ಟೇ ಗ್ರೀನ್ ಕಾರ್ಡ್ ಎಂದು ಅದು ಷರತ್ತು ಹಾಕಿತ್ತು. 2020ರಲ್ಲಿ ಕೋವಿಡ್ ಹರಡಿ ನಾವೆಲ್ಲ ಮನೆಯೊಳಗೆ ಕುಳಿತಾಗ ಇದೇ ಸರ್ಕಾರ ಇವರನ್ನು ಅತ್ಯಗತ್ಯ ಕೆಲಸಗಾರರೆಂದು ಹೊಲಕ್ಕೆ ಕಳಿಸಿತು. ಅತ್ಯಗತ್ಯವೆಂದ ಮೇಲೆ ಇನ್ನೂ ಎಂಟು ವರ್ಷದ ಪರೀಕ್ಷೆ ಯಾತಕ್ಕೆ?

ಬಂಧುಗಳೇ, ನಿಮ್ಮ ಇಬ್ಬರು ಸೆನೆಟರ್‌ಗಳ ಕಚೇರಿಗೆ ಕರೆ ಮಾಡಿ. ವಾಷಿಂಗ್ಟನ್ನಿನ ಕಾಂಗ್ರೆಸ್ ಭವನದ ಸಾರ್ವಜನಿಕ ಸಂಖ್ಯೆ 202-224-3121; ನಿಮ್ಮ ರಾಜ್ಯ ಹೇಳಿದರೆ ಅವರೇ ಸಂಪರ್ಕ ಕೊಡುತ್ತಾರೆ. ಹೊಲದ ಕೆಲಸಗಾರರಿಗೆ ಕಾಯಂ ನೆಲೆ ಕೊಡಿ, 1938ರ ಕಾಯಿದೆಯ ಹೆಚ್ಚುವರಿ ಕೂಲಿಯನ್ನು ಅವರಿಗೂ ಅನ್ವಯಿಸಿ, ಬಿಸಿಲಿನ ನಿಯಮವನ್ನು ಇಡೀ ದೇಶಕ್ಕೆ ತನ್ನಿ, ಎಚ್-2ಎ ವೀಸಾವನ್ನು ಮಾಲೀಕನ ಹಿಡಿತದಿಂದ ಬಿಡಿಸಿ ಎಂದು ಹೇಳಿ. ದೇಶಕ್ಕಿಷ್ಟು ಎಂಬ ಶೇ. 7ರ ಮಿತಿಯ ಮಾತನ್ನೂ ಅದೇ ಕರೆಯಲ್ಲಿ ಎತ್ತಿ, ಎರಡೂ ಬೇಡಿಕೆ ಜೊತೆಜೊತೆಗೇ ಹೋಗಲಿ. ಕರೆ ಮಾಡಲು ಪ್ರಜೆಯೇ ಆಗಿರಬೇಕೆಂದಿಲ್ಲ, ಆ ರಾಜ್ಯದ ನಿವಾಸಿಯಾಗಿದ್ದರೆ ಸಾಕು. ಓದಿದ ಮೇಲೆ ಈ ಕರಪತ್ರವನ್ನು ಇನ್ನೊಬ್ಬರಿಗೆ ಕೊಡಿ.