ಬ್ರೇಕಿಗೆ ಗಾಳಿ ಹಿಡಿದಿದೆ, ನಮಗೆ ಭಯ ಹಿಡಿದಿದೆ

ಸಾವಿರಾರು ರೂಪಾಯಿ ಸುರಿದು ಮೌಂಟನ್ ಬೈಕ್ ತರುತ್ತಾರೆ ನಮ್ಮ ಹುಡುಗರು. ಗೇರು ಎಷ್ಟು, ಮುಂದಿನ ಶಾಕ್ ಎಂಥದ್ದು, ಟೈರು ಎಷ್ಟು ಇಂಚು, ಎಲ್ಲಾ ಬಾಯಿಪಾಠ. ಭಾನುವಾರ ಕತ್ತಲಿರುವಾಗಲೇ ಎದ್ದು ನಂದಿಬೆಟ್ಟ ಹತ್ತುತ್ತಾರೆ. ತುರಹಳ್ಳಿಯ ಮಣ್ಣುದಾರಿಯಲ್ಲಿ ಬಿದ್ದು ಎದ್ದು ಬರುತ್ತಾರೆ. ಶಹಬ್ಬಾಸ್! ಆದರೆ ಅದೇ ಸೈಕಲ್ಲಿನ ಬ್ರೇಕ್ ಲಿವರ್ ನೆನೆದ ಸ್ಪಂಜಿನ ಹಾಗೆ ಹ್ಯಾಂಡಲ್ಲಿನವರೆಗೂ ಬರುತ್ತಿದ್ದರೆ ಏನು ಮಾಡುತ್ತಾರೆ? ಎರಡು ಸಲ ಒತ್ತಿ ನೋಡಿ, "ಹಿಡಿಯುತ್ತೆ ಬಿಡೋ ಮಗಾ" ಎಂದು ಹೊರಟೇ ಬಿಡುತ್ತಾರೆ. ನಂದಿಯ ನೆತ್ತಿ ಇರುವುದು ೧೪೭೮ ಮೀಟರ್ ಎತ್ತರದಲ್ಲಿ. ಹತ್ತುವಾಗ ಬ್ರೇಕಿನ ಹಂಗಿಲ್ಲ. ಇಳಿಯುವಾಗ ಬೇರೆ ಯಾವುದರ ಹಂಗೂ ಇಲ್ಲ, ಬ್ರೇಕೊಂದೇ.

ಯಾಕಪ್ಪಾ ಸರಿಮಾಡಿಸಲಿಲ್ಲ ಎಂದು ಕೇಳಿ. "ಅಣ್ಣಾ, ಅದು ಹೈಡ್ರಾಲಿಕ್ಕು. ಮನೇಲಿ ಮುಟ್ಟಬಾರದಂತೆ. ಶೋರೂಮಿನವರು ಮುಂದಿನ ವಾರ ಬಾ ಅಂದಿದಾರೆ." ಈ 'ಮುಟ್ಟಬಾರದಂತೆ' ಎನ್ನುವ ಮಡಿಯ ಮಾತಿದೆಯಲ್ಲ, ಅದರ ಬಗ್ಗೆಯೇ ನನ್ನ ತಕರಾರು. ಕಂಪ್ಯೂಟರಿನ ಹೊಟ್ಟೆ ಬಗೆದು ಮತ್ತೆ ಜೋಡಿಸುವ ಹುಡುಗರು ಒಂದು ಚಮಚ ಎಣ್ಣೆಗೆ ಹೆದರುತ್ತಾರೆಂದರೆ ಅದು ನಾಚಿಕೆಯ ವಿಷಯ. ಇವರ ಅಪ್ಪಂದಿರು ಕಡ್ಡಿ ಬ್ರೇಕಿನ ಸೈಕಲ್ಲನ್ನು ಅಂಗಳದಲ್ಲಿ ಒರಗಿಸಿಕೊಂಡು ಒಂದು ಸ್ಪ್ಯಾನರಿನಲ್ಲಿ ಸರಿಮಾಡಿಕೊಳ್ಳುತ್ತಿದ್ದವರು.

ಅದರೊಳಗೆ ಇರುವುದಾದರೂ ಏನು? ಲಿವರಿನಲ್ಲಿ ಒಂದು ಚಿಕ್ಕ ಪಿಸ್ಟನ್, ಚಕ್ರದ ಬಳಿಯ ಕ್ಯಾಲಿಪರಿನಲ್ಲಿ ದೊಡ್ಡ ಪಿಸ್ಟನ್ನುಗಳು, ನಡುವೆ ಎಣ್ಣೆ ತುಂಬಿದ ಕೊಳವೆ. ಹೈಸ್ಕೂಲಿನಲ್ಲಿ ಓದಿದ ಪ್ಯಾಸ್ಕಲನ ನಿಯಮ ನೆನಪಿದೆಯೇ? ೧೭ನೇ ಶತಮಾನದ ಆ ಫ್ರೆಂಚ್ ಮಹಾಶಯ ಹೇಳಿದ್ದು ಇಷ್ಟೇ: ಮುಚ್ಚಿದ ದ್ರವದ ಮೇಲೆ ಒತ್ತಿದರೆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಲಿವರಿನ ಪಿಸ್ಟನ್ ೧೦ ಮಿಲಿಮೀಟರ್, ಕ್ಯಾಲಿಪರಿನದು ೨೦ ಎಂದುಕೊಳ್ಳಿ. ಅಗಲ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಹಾಗಾಗಿಯೇ ಒಂದೇ ಬೆರಳಿಗೆ ಸೈಕಲ್ಲು ನಿಲ್ಲುತ್ತದೆ. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಕೊಳವೆಯಲ್ಲಿ ಒಂದು ಗುಳ್ಳೆ ಸೇರಿದರೆ ನಿಮ್ಮ ಬೆರಳಿನ ಬಲವೆಲ್ಲ ಆ ಗುಳ್ಳೆಯನ್ನು ಹಿಸುಕುವುದರಲ್ಲೇ ಮುಗಿಯುತ್ತದೆ. ಇದರಲ್ಲಿ ಯಾವ ಮಾಯಾಮಂತ್ರವೂ ಇಲ್ಲ.

ಇನ್ನೊಂದು ಮಾತು. ಬ್ರೇಕು ಕೆಟ್ಟಿತೆಂದ ಕೂಡಲೇ ಎಣ್ಣೆ ಬದಲಾಯಿಸಲು ಹೊರಡುವುದೂ ದಡ್ಡತನವೇ. ಮೊದಲು ಲಿವರ್ ಏನು ಹೇಳುತ್ತಿದೆ ಕೇಳಿ. ಲಿವರ್ ಕಲ್ಲಿನಂತೆ ಗಟ್ಟಿಯಾಗಿದ್ದೂ ಸೈಕಲ್ಲು ನಿಲ್ಲದೆ ಕೀಚಲು ದನಿ ಮಾಡುತ್ತಿದ್ದರೆ ಪ್ಯಾಡಿಗೆ ಎಣ್ಣೆ ತಾಗಿದೆ ಎಂದರ್ಥ. ಚೈನಿಗೆ ಎಣ್ಣೆ ಬಿಡುವಾಗ ಸಿಡಿದ ಎರಡು ಹನಿ ಸಾಕು. ಡಿಸ್ಕನ್ನು ಮೆಡಿಕಲ್ ಶಾಪಿನ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಪ್ಯಾಡು ಹೊಸದು ಹಾಕಿ. ಎಣ್ಣೆ ಕುಡಿದ ಪ್ಯಾಡನ್ನು ಗ್ಯಾಸ್ ಒಲೆಯ ಮೇಲೆ ಸುಟ್ಟು ಸರಿಮಾಡುವ ವಿದ್ಯೆ ಕೆಲವರಲ್ಲಿದೆ. ಅದನ್ನು ನಂಬಿ ಬೆಟ್ಟ ಇಳಿಯಬೇಡಿ. ಡಿಸ್ಕು ಕ್ಯಾಲಿಪರಿಗೆ ಸವರಿ ಸರ್ ಸರ್ ಎನ್ನುತ್ತಿದ್ದರೆ ಕ್ಯಾಲಿಪರಿನ ಎರಡು ಬೋಲ್ಟು ಸಡಿಲಿಸಿ, ಲಿವರ್ ಹಿಡಿದುಕೊಂಡೇ ಮತ್ತೆ ಬಿಗಿ ಮಾಡಿ. ಐದು ನಿಮಿಷದ ಕೆಲಸ. ಪ್ಯಾಡಿನ ಮಸಾಲೆ ಅರ್ಧ ಮಿಲಿಮೀಟರಿಗೆ ಇಳಿದಿದ್ದರೆ ಬದಲಾಯಿಸಲೇಬೇಕು. ಮಳೆಗಾಲದ ಕೆಸರು ರೆಸಿನ್ ಪ್ಯಾಡನ್ನು ಮರಳು ಕಾಗದದಂತೆ ತಿಂದು ಹಾಕುತ್ತದೆ. ಲೋಹದ ಪ್ಯಾಡು ಹೆಚ್ಚು ಬಾಳುತ್ತದೆ, ಆದರೆ ಅಗ್ಗದ ಕೆಲವು ಡಿಸ್ಕುಗಳ ಮೇಲೆ 'ರೆಸಿನ್ ಮಾತ್ರ' ಎಂದು ಕೆತ್ತಿರುತ್ತಾರೆ. ಮೊದಲು ಅದನ್ನು ಓದಿ.

ಲಿವರ್ ಮೆತ್ತಗಾಗಿದ್ದರೆ ಮಾತ್ರ ಗಾಳಿಯ ಅನುಮಾನ. ಅದಕ್ಕೂ ಮೊದಲ ಮದ್ದು ಪುಕ್ಕಟೆ: ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಲಿವರನ್ನು ಹ್ಯಾಂಡಲ್ಲಿಗೆ ಹಗ್ಗದಲ್ಲಿ ಬಿಗಿದು ಒಂದು ರಾತ್ರಿ ಬಿಡಿ. ಸಣ್ಣಪುಟ್ಟ ಗುಳ್ಳೆಗಳು ಮೇಲೇರಿ ಲಿವರಿನ ಎಣ್ಣೆ ಬಟ್ಟಲು ಸೇರುತ್ತವೆ. ಪಂಕ್ಚರ್ ಹಾಕಲು ಸೈಕಲ್ಲನ್ನು ತಲೆಕೆಳಗು ಮಾಡುತ್ತೀರಲ್ಲ, ಆ ಬಟ್ಟಲಿನ ಗಾಳಿ ಕೊಳವೆಗೆ ನುಗ್ಗುವುದು ಆಗಲೇ.

ಹಾಗೂ ಸರಿಹೋಗದಿದ್ದರೆ ಗಾಳಿ ತೆಗೆಯಲೇಬೇಕು. ಇಲ್ಲಿ ಒಂದು ತಪ್ಪಿಗೆ ಕ್ಷಮೆಯಿಲ್ಲ, ಅದು ಎಣ್ಣೆಯ ತಪ್ಪು. ಶಿಮಾನೊ, ಮಗುರಾ, ಟೆಕ್ಟ್ರೊ ಬ್ರೇಕುಗಳಿಗೆ ಮಿನರಲ್ ಆಯಿಲ್. ಸ್ರಾಮ್‌ನ ಬಹುಪಾಲು ಬ್ರೇಕುಗಳಿಗೆ ಮತ್ತು ಹೇಸ್, ಹೋಪ್‌ನಂಥವಕ್ಕೆ ಡಾಟ್ ಎಣ್ಣೆ. ಸ್ರಾಮೇ ೨೦೨೪ರಲ್ಲಿ ತಂದ ಮೇವನ್ ಎಂಬ ಬ್ರೇಕಿಗೆ ಮಿನರಲ್ ಆಯಿಲ್ ಬೇಕು. ಹಾಗಾಗಿ ಕಂಪನಿಯ ಹೆಸರು ನೋಡಿದರೆ ಸಾಲದು, ಲಿವರಿನ ಮೇಲೆ ಬರೆದಿರುವುದನ್ನು ನೋಡಿ. ಒಂದರ ಜಾಗಕ್ಕೆ ಇನ್ನೊಂದು ಸುರಿದರೆ ಒಳಗಿನ ರಬ್ಬರ್ ಉಬ್ಬಿ ಹಾಳಾಗುತ್ತದೆ, ಬ್ರೇಕನ್ನೇ ಎಸೆಯಬೇಕು. ಡಾಟ್ ೪ ಎಣ್ಣೆ ಜೆ.ಸಿ. ರಸ್ತೆಯ ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಸಿಗುತ್ತದೆ, ಮೋಟಾರ್ ಬೈಕಿಗೆ ಹಾಕುವುದೂ ಅದನ್ನೇ. ಅದು ಗಾಳಿಯ ತೇವ ಹೀರುತ್ತದೆ. ಹೊಸದಿದ್ದಾಗ ೨೩೦ ಡಿಗ್ರಿಗೂ ಕುದಿಯದ ಎಣ್ಣೆ ನೀರು ಕುಡಿದ ಮೇಲೆ ೧೫೫ಕ್ಕೇ ಕುದಿಯಬಹುದು. ಇಳಿಜಾರಿನಲ್ಲಿ ಕುದಿದರೆ ಆವಿ, ಆವಿಯಾದರೆ ಮತ್ತೆ ಗುಳ್ಳೆ, ಮುಂದಿನ ತಿರುವಿನಲ್ಲಿ ಬ್ರೇಕಿಲ್ಲ. ಆದ್ದರಿಂದ ಹೋದ ವರ್ಷ ಮುಚ್ಚಳ ತೆರೆದಿಟ್ಟ ಡಬ್ಬಿ ಬೇಡ. ಮಿನರಲ್ ಆಯಿಲ್ ಎಂದರೆ ಹೊಲಿಗೆ ಯಂತ್ರದ ಎಣ್ಣೆಯೂ ಅಲ್ಲ, ಅಜ್ಜಿಯ ಕೊಬ್ಬರಿ ಎಣ್ಣೆಯೂ ಅಲ್ಲ. ಕೊಬ್ಬರಿ ಎಣ್ಣೆ ೨೪ ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಡಿಸೆಂಬರಿನ ಬೆಂಗಳೂರಿನಲ್ಲಿ ನಿಮ್ಮ ಬ್ರೇಕೂ ಹೆಪ್ಪುಗಟ್ಟುತ್ತದೆ. ನಗಬೇಡಿ, ಹಾಕಬಹುದಾ ಎಂದು ಕೇಳುವವರಿದ್ದಾರೆ.

ಕೆಲಸದ ಕ್ರಮ ಶಿಮಾನೊ ಮಾದರಿಯಲ್ಲಿ ಹೀಗೆ. ಚಕ್ರ ಬಿಚ್ಚಿ, ಪ್ಯಾಡು ತೆಗೆದು ದೂರ ಇಡಿ. ಪಿಸ್ಟನ್ನುಗಳ ನಡುವೆ ಪ್ಲಾಸ್ಟಿಕ್ ಬಿಲ್ಲೆ ಇಡಿ, ಇಲ್ಲದಿದ್ದರೆ ಲಿವರ್ ಹಿಡಿದಾಗ ಪಿಸ್ಟನ್ ಹೊರಗೆ ಬಂದು ಕೂರುತ್ತದೆ. ಲಿವರನ್ನು ನೆಲಕ್ಕೆ ಸಮನಾಗಿ ತಿರುಗಿಸಿ, ಅದರ ತಲೆಯ ಸ್ಕ್ರೂ ಬಿಚ್ಚಿ, ಅಲ್ಲಿಗೆ ಎಣ್ಣೆ ಕುಡಿಕೆ ಕೂರಿಸಿ. ಕೆಳಗೆ ಕ್ಯಾಲಿಪರಿನ ನಿಪ್ಪಲ್ಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಸಿರಿಂಜಿನಿಂದ ಎಣ್ಣೆಯನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ತಳ್ಳಿ. ಕೆಳಗಿನಿಂದಲೇ ಯಾಕೆ? ಗುಳ್ಳೆ ತಾನಾಗಿಯೇ ಮೇಲೆ ಹೋಗುವ ಜಾತಿ, ಅದು ಹೋಗುವ ದಾರಿಯಲ್ಲೇ ತಳ್ಳಿದರೆ ಅರ್ಧ ಕೆಲಸ ಅದೇ ಮಾಡುತ್ತದೆ. ಕುಡಿಕೆಯಲ್ಲಿ ಗುಳ್ಳೆ ಏಳುವುದು ನಿಂತ ಮೇಲೆ ನಿಪ್ಪಲ್ ಬಿಗಿ ಮಾಡಿ, ಕೊಳವೆಯನ್ನು ಬೆರಳಿನಿಂದ ತಟ್ಟುತ್ತಾ ಲಿವರನ್ನು ಮೆಲ್ಲಗೆ ಹಿಡಿದು ಬಿಡಿ. ಅವಸರ ಮಾಡಿದವನಿಗೆ ಗುಳ್ಳೆ ಸಿಗುವುದಿಲ್ಲ. ಲಿವರ್ ಗಟ್ಟಿಯಾದ ಮೇಲೆ ಸ್ಕ್ರೂ ಮುಚ್ಚಿ, ಪ್ಯಾಡು ಮರಳಿ ಹಾಕುವ ಮೊದಲು ಎಲ್ಲವನ್ನೂ ಆಲ್ಕೊಹಾಲಿನಲ್ಲಿ ಒರೆಸಿ. ಬೇರೆ ಕಂಪನಿಗಳಲ್ಲಿ ಎರಡು ಸಿರಿಂಜಿನ ಪದ್ಧತಿ ಇದೆ, ಸ್ಕ್ರೂಗಳೂ ಬೇರೆ, ತತ್ವ ಇದೇ.

ಹಾಗಾದರೆ ಶೋರೂಮಿನವರ ಮಾತು ಪೂರ್ತಿ ಸುಳ್ಳೇ? ಅಲ್ಲ. ಲಿವರ್ ಹಿಡಿದಿಟ್ಟಾಗ ನಿಧಾನವಾಗಿ ಮುಳುಗುತ್ತಿದ್ದರೆ, ಎಲ್ಲಾದರೂ ಎಣ್ಣೆ ಜಿನುಗುತ್ತಿದ್ದರೆ, ಕೊಳವೆ ಸೀಳಿದ್ದರೆ ಅದು ನುರಿತವರ ಕೆಲಸ, ಅಲ್ಲಿ ಜಂಬ ಬೇಡ. ಆದರೆ ಅಲ್ಲೂ ಒಂದು ಕಳ್ಳಾಟ ಇದೆ. ದಪ್ಪ ನಾಣ್ಯದಷ್ಟಗಲದ ರಬ್ಬರ್ ಸೀಲ್ ಹೋದರೆ ಅದನ್ನು ಬಿಡಿಯಾಗಿ ಮಾರದ ಕಂಪನಿಗಳಿವೆ. ಇಡೀ ಕ್ಯಾಲಿಪರನ್ನೇ ಕೊಳ್ಳಬೇಕು. ೨೦೨೨ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕಿ'ಗಾಗಿ ಒಂದು ಸಮಿತಿ ಮಾಡಿತು. ಆಗ ಹೆಸರಿಸಿದ್ದು ಕೃಷಿ ಉಪಕರಣ, ಮೊಬೈಲು-ಟ್ಯಾಬ್ಲೆಟ್ಟು, ಮನೆಬಳಕೆಯ ಯಂತ್ರಗಳು ಮತ್ತು ಮೋಟಾರು ವಾಹನ. ಬಡಪಾಯಿ ಸೈಕಲ್ಲು ಆ ಪಟ್ಟಿಯಲ್ಲಿ ಹೆಸರು ಹಿಡಿದು ಬರಲಿಲ್ಲ. ದೆಹಲಿಯಲ್ಲಿ ಸೈಕಲ್ಲು ಹೊಡೆಯುವ ಅಧಿಕಾರಿಗಳು ಕಡಿಮೆಯೇನೋ!

ಭಾಷೆಯ ಮಾತು ಇಲ್ಲಿ ತಾನಾಗಿಯೇ ಬರುತ್ತದೆ. ಬ್ರೇಕಿನ ಜೊತೆ ಬರುವ ಮಡಚು ಹಾಳೆಗಳನ್ನು ಬಿಡಿಸಿ ನೋಡಿದೆ. ಐದಾರು ಭಾಷೆಗಳಿವೆ, ಕನ್ನಡದ ಒಂದು ಅಕ್ಷರವೂ ಇಲ್ಲ. ಎಣ್ಣೆ ಬೆರೆಸಬಾರದು, ಬಿಸಿ ಡಿಸ್ಕು ಮುಟ್ಟಬಾರದು, ತಿರುಗುವ ಡಿಸ್ಕು ಬೆರಳು ಕತ್ತರಿಸುತ್ತದೆ, ಇವು ಪ್ರಾಣದ, ಅಂಗಾಂಗದ ವಿಷಯ. ಇಲ್ಲಿ ಮಾರುವವರು ಇಲ್ಲಿಯ ಭಾಷೆಯಲ್ಲಿ ಒಂದು ಪುಟ ಅಚ್ಚು ಹಾಕಿಸಿದರೆ ಅವರ ಗಂಟೇನೂ ಹೋಗುವುದಿಲ್ಲ. ಅದನ್ನು ಬಿಲ್ ಕೊಡುವಾಗಲೇ ಕೇಳಿ, ಕನ್ನಡದಲ್ಲೇ ಕೇಳಿ. ನಮ್ಮವರದೂ ತಪ್ಪಿದೆ. 'ದ್ರವಚಾಲಿತ ಬಿಲ್ಲೆ ತಡೆ' ಎಂದೆಲ್ಲ ಪದ ಹೊಸೆದು ಕೂತರೆ ಯಾವ ಹುಡುಗನೂ ಹತ್ತಿರ ಸುಳಿಯುವುದಿಲ್ಲ. ಗ್ಯಾರೇಜಿನಲ್ಲಿ ಕೈ ಕಪ್ಪಾದವರು ಹೇಗೆ ಮಾತಾಡುತ್ತಾರೋ ಹಾಗೆ ಬರೆಯಿರಿ. ಬ್ರೇಕು, ಪ್ಯಾಡು, ಲಿವರು ಎಲ್ಲವೂ ಕನ್ನಡವೇ ಆಗಿ ಎಷ್ಟೋ ಕಾಲವಾಯಿತು.

ಹೊಸ ಪ್ಯಾಡು ಹಾಕಿದ ದಿನವೇ ಬೆಟ್ಟಕ್ಕೆ ಓಡಬೇಡಿ. ಸಮತಟ್ಟಾದ ಖಾಲಿ ರಸ್ತೆಯಲ್ಲಿ ವೇಗ ಹಿಡಿದು, ಚಕ್ರ ಪೂರ್ತಿ ನಿಲ್ಲದಂತೆ ನಿಧಾನ ಮಾಡಿ, ಮತ್ತೆ ವೇಗ ಹಿಡಿಯಿರಿ. ಒಂದು ಇಪ್ಪತ್ತು ಸಲ ಹೀಗೆ ಮಾಡಿದರೆ ಪ್ಯಾಡಿನ ಪುಡಿ ಡಿಸ್ಕಿಗೆ ಹತ್ತಿ ಹಿಡಿತ ಬರುತ್ತದೆ. ಹೊರತೆಗೆದ ಹಳೇ ಎಣ್ಣೆಯನ್ನು ಚರಂಡಿಗೆ ಚೆಲ್ಲಬೇಡಿ, ಬಾಟಲಿಗೆ ತುಂಬಿ ಪಕ್ಕದ ಗ್ಯಾರೇಜಿನವರ ಹಳೇ ಎಣ್ಣೆಯ ಪೀಪಾಯಿಗೆ ಕೊಟ್ಟು ಬನ್ನಿ.