ಪಕ್ಷಗಳ ಜಗಳ, ಪದವೀಧರರ ಪಾಡು

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಬಿ.ಎ. ಮುಗಿಸಿದ ರೈತನ ಮಗನಿಗೆ ಸಾಮಾನ್ಯವಾಗಿ ತೋರುವುದು ಎರಡು ದಾರಿ. ತೊಗರಿಯ ರಾಶಿ ಮುಗಿದೊಡನೆ ಓಣಿಯವರ ಜೊತೆ ಮುಂಬಯಿ, ಪುಣೆಗಳ ಕಟ್ಟಡದ ಕೆಲಸಕ್ಕೆ ಹೊರಡುವುದು ಒಂದು. ಸರ್ಕಾರಿ ನೌಕರಿಯ ಪರೀಕ್ಷೆಗೆ ಕೂರುವುದು ಇನ್ನೊಂದು. ಸಂವಿಧಾನದ 371(ಜೆ) ವಿಧಿಯಿಂದ 2013ರಲ್ಲಿ ಈ ಭಾಗಕ್ಕೆ ಹುದ್ದೆಗಳಲ್ಲಿ ಮೀಸಲು ದೊರೆತ ಮೇಲೆ ಎರಡನೆಯ ದಾರಿಯ ಆಸೆ ಚಿಗುರಿತು. ವಿಜಯಪುರದಲ್ಲೋ ಧಾರವಾಡದಲ್ಲೋ ಬಾಡಿಗೆ ಕೋಣೆ. ನಸುಕಿನಲ್ಲಿ ಓಟ, ಮಧ್ಯಾಹ್ನ ಖಾನಾವಳಿಯ ರೊಟ್ಟಿ, ರಾತ್ರಿಯೆಲ್ಲ ಪುಸ್ತಕ. ಬಾಡಿಗೆಯ ಹಣ ಊರಿನ ಹೊಲದಿಂದಲೇ ಬರಬೇಕು. ಭೀಮೆ ಉಕ್ಕಿದ ವರ್ಷ ಅದೂ ಬಾರದು.

545 ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಹುದ್ದೆಗಳಿಗಾಗಿ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಗೆ ರಾಜ್ಯದಲ್ಲಿ 54 ಸಾವಿರಕ್ಕೂ ಹೆಚ್ಚು ಮಂದಿ ಕುಳಿತರು. ಆಯ್ಕೆಯ ಪಟ್ಟಿಯೂ ಹೊರಬಿತ್ತು. ಅನಂತರ ಎದ್ದಿತು ಆರೋಪ: ಕಲಬುರಗಿಯ ಒಂದು ಕೇಂದ್ರದಲ್ಲಿ ಖಾಲಿ ಬಿಟ್ಟ ಉತ್ತರಪತ್ರಿಕೆಗಳನ್ನು ಬೇರೆಯವರು ತುಂಬಿದರೆಂದು. ಸಿಐಡಿ ಬಂಧಿಸಿದವರಲ್ಲಿ ಎರಡೂ ಪಕ್ಷಗಳ ಸ್ಥಳೀಯ ಮುಖಂಡರಿದ್ದರು, ಅಫಜಲಪುರದವರೂ ಇದ್ದರು; 2022ರ ಜುಲೈಯಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿಯೇ ಬಂಧಿತರಾದರು.

ಲಜ್ಜೆಯಿಂದ ಮೌನ ತಾಳಲು ಇಷ್ಟು ಸಾಕಿತ್ತು. ಆದರೆ ಪಕ್ಷಗಳಿಗೆ ಬೇಕಾದುದು ಬಂಧಿತರು ಯಾರ ಕಡೆಯವರೆಂಬ ಲೆಕ್ಕ. ಇವರು ಅವರ ನಾಯಕರ ಭಾವಚಿತ್ರ ತೋರಿಸಿದರೆ ಅವರು ಇವರದನ್ನು ತೋರಿಸಿದರು. ಆಗ ಆಳುತ್ತಿದ್ದುದು ಭಾರತೀಯ ಜನತಾ ಪಕ್ಷ, ರಾಜೀನಾಮೆ ಕೇಳುತ್ತಿದ್ದುದು ಕಾಂಗ್ರೆಸ್ಸು. 2023ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಅದೇ ಅಕ್ಟೋಬರಿನಲ್ಲಿ ನಿಗಮ, ಮಂಡಳಿಗಳ ಪರೀಕ್ಷೆಯ ವೇಳೆ ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಬ್ಲೂಟೂತ್ ನಕಲು ಸಿಕ್ಕಿಬಿದ್ದಾಗ ವೇಷಗಳು ಅದಲುಬದಲಾದವು. ಮಾತು ಮಾತ್ರ ಹಳೆಯದೇ. ನಾಟಕ ಮಂಡಳಿಯವರು ಕೂಡ ಊರು ಬದಲಾದಾಗ ಒಂದೆರಡು ಮಾತು ತಿದ್ದಿಕೊಳ್ಳುತ್ತಾರೆ.

ಈ ಗದ್ದಲದಲ್ಲಿ ಪ್ರಾಮಾಣಿಕವಾಗಿ ಬರೆದವರ ಸಂಗತಿಯೇ ಹಿಂದೆ ಬಿತ್ತು. 2022ರ ಏಪ್ರಿಲ್ 29ರಂದು ಸರ್ಕಾರ ಪರೀಕ್ಷೆಯನ್ನೇ ರದ್ದುಪಡಿಸಿದಾಗ ಕಳ್ಳನ ಉತ್ತರದೊಡನೆ ಒಳ್ಳೆಯವನ ಉತ್ತರವೂ ಹೋಯಿತು. ಪಟ್ಟಿಯಲ್ಲಿದ್ದವರು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. 2023ರ ನವೆಂಬರಿನಲ್ಲಿ ಅದು ರದ್ದತಿಯನ್ನೇ ಎತ್ತಿಹಿಡಿಯಿತು. ಮರುಪರೀಕ್ಷೆ ನಡೆದುದು 2024ರ ಜನವರಿ 23ರಂದು, ಬೆಂಗಳೂರಿನಲ್ಲಿ ಮಾತ್ರ. ಮೊದಲ ಪರೀಕ್ಷೆಗೂ ಇದಕ್ಕೂ ನಡುವೆ ಎರಡು ವರ್ಷ, ಮೂರು ತಿಂಗಳು, ಇಪ್ಪತ್ತು ದಿನ. ಅಷ್ಟರಲ್ಲಿ ಕೋಣೆ ಬಿಟ್ಟು ಪುಣೆಯ ಕೆಲಸಕ್ಕೆ ಸೇರಿದವನು ಅಂದು ಬೆಂಗಳೂರು ಮುಟ್ಟಬೇಕಾದರೆ ರೈಲಿನ ದುಡ್ಡಿನ ಜೊತೆಗೆ ಮೂರು ದಿನದ ಕೂಲಿಯನ್ನೂ ಬಿಡಬೇಕಿತ್ತು.