ರೋಗಿಯ ಊರು ಕೇಳುವುದು ಶರಣ ಧರ್ಮವಲ್ಲ



ನಮ್ಮ ಬೇಗೂರು ಸುತ್ತಿನ ಕಲ್ಲು ಕ್ವಾರಿಗಳಲ್ಲಿ, ಕ್ರಷರುಗಳಲ್ಲಿ, ಹೆದ್ದಾರಿ ಬದಿಯ ಹೋಟೆಲುಗಳಲ್ಲಿ ಉತ್ತರ ಪ್ರದೇಶ, ಬಿಹಾರ, ಒಡಿಶಾ ಕಡೆಯಿಂದ ಬಂದವರು ದುಡಿಯುತ್ತಿದ್ದಾರೆ. ಅವರೆಲ್ಲರಿಗೂ ನಾವು ಇಟ್ಟಿರುವುದು ಒಂದೇ ಹೆಸರು: 'ಹಿಂದಿಯವರು'. ಕಲ್ಲು ಒಡೆಯಲು, ಟಿಪ್ಪರ್ ತುಂಬಲು ಅವರು ನಮಗೆ ಬೇಕು. ಅವರ ಮಗುವಿಗೆ ಜ್ವರ ಏರಿದಾಗ, ಹೆಂಡತಿಗೆ ಹೆರಿಗೆ ನೋವು ಬಂದಾಗ ಮಾತ್ರ ಅವರು ಯಾರೋ ಆಗಿಬಿಡುತ್ತಾರೆ. ಬಸವಣ್ಣನವರ ಹೆಸರು ಹೇಳುವ ನಾವೇ ಇದನ್ನು ನೋಡಿಕೊಂಡು ಸುಮ್ಮನಿದ್ದೇವೆ. ಈ ಮೌನವನ್ನು ನಾನು ಅಧರ್ಮ ಎನ್ನುತ್ತೇನೆ.

ಒಂದು ಆಸ್ಪತ್ರೆಯ ಚೀಟಿ ಬರೆಸುವ ಕಿಟಕಿಯ ಮುಂದೆ ತುಂಬು ಗರ್ಭಿಣಿಯೊಬ್ಬಳು ಮುಕ್ಕಾಲು ಗಂಟೆ ನಿಂತಿದ್ದನ್ನು ನಾನೇ ಕಂಡಿದ್ದೇನೆ. ಕರ್ನಾಟಕದ ರೇಷನ್ ಕಾರ್ಡು ಕೇಳಿದರು, ಇರಲಿಲ್ಲ. ತಾಯಿ ಕಾರ್ಡು ಕೇಳಿದರು, ಅವಳಿದ್ದ ಶೆಡ್ಡಿಗೆ ಯಾರೂ ಹೋಗಿ ಹೆಸರು ಬರೆದುಕೊಂಡಿರಲಿಲ್ಲ. ಕನ್ನಡದಲ್ಲಿ ಗದರಿದರು, ಅವಳಿಗೆ ಅರ್ಥವಾಗಲಿಲ್ಲ. ಕೊನೆಗೆ ಗಂಡ ಸಾಲ ಮಾಡಿ ಬಾಡಿಗೆ ಕಾರಿನಲ್ಲಿ ಪೇಟೆಗೆ ಕರೆದುಕೊಂಡು ಹೋದ. ಅಲ್ಲಿ ಸಾಲಿನಲ್ಲಿದ್ದ ನಮ್ಮವರಲ್ಲಿ ಕೆಲವರ ಹಣೆಯಲ್ಲಿ ವಿಭೂತಿ ಇತ್ತು, ಕೊರಳಲ್ಲಿ ಇಷ್ಟಲಿಂಗವಿತ್ತು. 'ಇವರದ್ದು ಯಾವಾಗಲೂ ಇದೇ ಗೋಳು' ಎಂದು ಗೊಣಗಿದವರೂ ಅವರಲ್ಲಿದ್ದರು.

ಅವಳು ಕೇಳಿದ್ದು ಭಿಕ್ಷೆಯಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರುವ ಪ್ರತಿ ತಾಯಿಗೂ ಹೆರಿಗೆ, ಸಿಸೇರಿಯನ್ ಆದರೆ ಅದೂ, ಔಷಧಿ, ರಕ್ತ, ಊಟ ಎಲ್ಲವೂ ಉಚಿತ ಎಂದು 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಹೇಳುತ್ತದೆ. ತುರ್ತು ಚಿಕಿತ್ಸೆ ಕೊಡದೆ ಸರ್ಕಾರಿ ಆಸ್ಪತ್ರೆ ರೋಗಿಯನ್ನು ಹಿಂದಕ್ಕೆ ಕಳಿಸಿದರೆ ಅದು ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟು 1996ರಲ್ಲೇ ತೀರ್ಪು ಕೊಟ್ಟಿದೆ. ಹೊರರಾಜ್ಯದಿಂದ ಕರೆತಂದ ಕೂಲಿಕಾರರಿಗೆ ಉಚಿತ ವೈದ್ಯಕೀಯ ಸೌಲಭ್ಯ ಕೊಡುವುದು ಕರೆತಂದ ಗುತ್ತಿಗೆದಾರನ ಹೊಣೆ ಎಂದು 1979ರಲ್ಲೇ ಕಾಯ್ದೆಯಾಯಿತು. ಕಾನೂನಿಗೆ ಕೊರತೆಯಿಲ್ಲ, ಕೊರತೆ ಇರುವುದು ನಮ್ಮ ಮನಸ್ಸಿನಲ್ಲಿ.

ಕ್ವಾರಿಯ ಕತೆ ಇನ್ನೂ ಕಠಿಣ. 2022ರ ಮಾರ್ಚ್‌ನಲ್ಲಿ ನಮ್ಮ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ ಬಿಳಿಕಲ್ಲು ಕ್ವಾರಿ ಕುಸಿಯಿತು. ಬಂಡೆಯ ಅಡಿ ಸಿಕ್ಕಿ ಸತ್ತವರು ಉತ್ತರ ಭಾರತದಿಂದ ಹೊಟ್ಟೆಪಾಡಿಗೆ ಬಂದವರು. ಬಂಡೆ ಬಿದ್ದು ಸತ್ತರೆ ಪತ್ರಿಕೆಯಲ್ಲಿ ಬರುತ್ತದೆ. ಕಲ್ಲಿನ ಧೂಳು ಕುಡಿದು ಸಾಯುವವನ ಸುದ್ದಿ ಯಾರಿಗೂ ಬೇಡ. ಆ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಆಗುತ್ತದೆ. ಆದ ಮೇಲೆ ವಾಸಿ ಮಾಡುವ ಔಷಧಿ ಇಲ್ಲ. ಅದರ ಬೆನ್ನಿಗೇ ಕ್ಷಯವೂ ಬರುತ್ತದೆ. ಇದು ಕೆಲಸದಿಂದ ಬರುವ ರೋಗ, ಪರಿಹಾರ ಕೊಡಬೇಕಾದದ್ದು ಎಂದು ಕಾನೂನು ಒಪ್ಪಿದೆ. ಆದರೆ ಪರಿಹಾರ ಕೇಳಲು ಎಕ್ಸ್‌ರೇ ಬೇಕು, ಇಲ್ಲಿ ಕೆಲಸ ಮಾಡಿದ ದಾಖಲೆ ಬೇಕು. ಕೆಮ್ಮು ಜೋರಾದವನನ್ನು ಮೇಸ್ತ್ರಿ ರೈಲು ಹತ್ತಿಸಿ ಊರಿಗೆ ಕಳಿಸಿಬಿಟ್ಟರೆ ಎರಡೂ ಇರುವುದಿಲ್ಲ.

'ನಮ್ಮವರಿಗೇ ಔಷಧಿ ಸಾಲದು, ಇನ್ನು ಇವರಿಗೆಲ್ಲಿಂದ?' ಎಂಬುದು ನಾನು ಹೆಚ್ಚು ಕೇಳುವ ಮಾತು. ನಮ್ಮವರಿಗೆ ಸಾಲದಿರುವುದು ನಿಜ. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಿಗದೆ ಒಂದೇ ದಿನದಲ್ಲಿ 24 ಜೀವಗಳು ಹೋದದ್ದನ್ನು ಈ ಜಿಲ್ಲೆ ಮರೆತಿಲ್ಲ. ಆ ಆಮ್ಲಜನಕವನ್ನು ಬಿಹಾರದವನು ಕದ್ದುಕೊಂಡು ಹೋಗಿದ್ದನೇ? ಅದು ಆಡಳಿತದ ವೈಫಲ್ಯ. ಆಡಳಿತವನ್ನು ಕೇಳಬೇಕಾದ ಪ್ರಶ್ನೆಯನ್ನು ಬಡವನ ಮೇಲೆ ಎಸೆಯುವುದು ಹೇಡಿತನ. ಹಣದ ಮಾತೇ ಆದರೆ, ಗಣಿಗಾರಿಕೆಯ ಹಣದಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿ ಇದೆ. ಆರೋಗ್ಯ ಅದರ ಮೊದಲ ಆದ್ಯತೆಗಳಲ್ಲಿ ಒಂದು. ಆ ಹಣ ಹುಟ್ಟುವುದು ಕಲ್ಲಿನಿಂದ. ಕಲ್ಲು ಒಡೆಯುವವನಿಗೆ ಅದರಲ್ಲಿ ಒಂದು ಎಕ್ಸ್‌ರೇಯಷ್ಟೂ ಪಾಲಿಲ್ಲವೇ?

'ಇವರು ದೇಶದವರೋ ಅಲ್ಲವೋ ಯಾರಿಗೆ ಗೊತ್ತು' ಎನ್ನುವವರೂ ಇದ್ದಾರೆ. ಅದನ್ನು ವಿಚಾರಿಸಲು ಪೊಲೀಸರಿದ್ದಾರೆ, ವೈದ್ಯರ ಕೆಲಸ ಅದಲ್ಲ. ಸಂವಿಧಾನದ 21ನೇ ವಿಧಿ ಜೀವದ ರಕ್ಷಣೆ ಕೊಟ್ಟಿರುವುದು ಬರೀ ಪ್ರಜೆಗಲ್ಲ, ಪ್ರತಿಯೊಬ್ಬ ವ್ಯಕ್ತಿಗೆ.

ನಾವೇನು ವಲಸೆ ಹೋಗದ ಜನವೇ? ಮಳೆ ಕೈಕೊಟ್ಟ ವರ್ಷ ನಮ್ಮ ಹಳ್ಳಿಗಳಿಂದ ಶುಂಠಿ ಹೊಲಕ್ಕೆ, ಕಾಫಿ ಕೊಯ್ಲಿಗೆ ವಯನಾಡಿಗೆ ಹೋಗುವವರು ಎಷ್ಟು ಮಂದಿ! 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಗುಡ್ಡ ಕುಸಿದಾಗ ಸತ್ತವರಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯಿಂದ ಹೋಗಿ ನೆಲೆಸಿದ್ದವರೂ ಇದ್ದರು. ಆ ದಿನ ಅಲ್ಲಿನ ವೈದ್ಯರು 'ನಿಮ್ಮ ಜಿಲ್ಲೆಗೇ ಹೋಗಿ' ಎಂದಿದ್ದರೆ ನಮ್ಮ ಕರುಳು ಹೇಗಾಗುತ್ತಿತ್ತು? ಹೊರಗಿನಿಂದ ಬಂದ ಕೂಲಿಕಾರರಿಗಾಗಿಯೇ ಕೇರಳ 2017ರಲ್ಲಿ 'ಆವಾಸ್' ಎಂಬ ವಿಮೆ ತಂದಿತು. ಅದರಲ್ಲಿ ಆಸ್ಪತ್ರೆ ಖರ್ಚಿಗೆ ನೆರವಿತ್ತು, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ ರೂಪಾಯಿ ಇತ್ತು. ಬಂಡೀಪುರ ಕಾಡು ದಾಟಿದರೆ ಸಿಗುವ ರಾಜ್ಯ ಮಾಡಿದ್ದನ್ನು ಬಸವಣ್ಣನ ನಾಡು ಮಾಡಲಾರದೇ?

ಕಲ್ಯಾಣವನ್ನು ಕಟ್ಟಿದವರು ಯಾರು? ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ, ಬಳ್ಳಿಗಾವೆಯ ಅಲ್ಲಮ, ಉಡುತಡಿಯ ಅಕ್ಕ, ಸೊನ್ನಲಿಗೆಯ ಸಿದ್ಧರಾಮ, ಸೌರಾಷ್ಟ್ರದಿಂದ ಬಂದ ಆದಯ್ಯ, ಕಾಶ್ಮೀರದಿಂದ ಬಂದು ಕಟ್ಟಿಗೆ ಮಾರಿ ಬದುಕಿದನೆಂದು ನಾವು ನಂಬುವ ಮೋಳಿಗೆ ಮಾರಯ್ಯ. ಅನುಭವ ಮಂಟಪದ ಬಾಗಿಲಲ್ಲಿ ಯಾರಾದರೂ ಇವರ ರೇಷನ್ ಕಾರ್ಡು ಕೇಳಿದ್ದರೇ? ಆ ಶರಣರ ನಡುವೆ ವೈದ್ಯ ಸಂಗಣ್ಣನೆಂಬ ಕಾಯಕಜೀವಿಯೂ ಇದ್ದ. ನಮ್ಮ ಸೀಮೆಯ ಮಾದಪ್ಪನೂ ಉತ್ತರ ದೇಶದಿಂದ ಬಂದು ಸುತ್ತೂರು ಮಠದಲ್ಲಿ ರಾಗಿ ಬೀಸಿದನೆಂದು ಕಂಸಾಳೆಯವರು ಇಂದಿಗೂ ಹಾಡುತ್ತಾರೆ. ಹೊರಗಿನಿಂದ ಬಂದ ಕೂಲಿಯವನನ್ನು ದೇವರೆಂದು ಪೂಜಿಸಿ, ಕಣ್ಣೆದುರಿನ ಕೂಲಿಯವನನ್ನು ಅಟ್ಟುವುದು ಯಾವ ಭಕ್ತಿ?

ಆದ್ದರಿಂದ ನಾಲ್ಕು ಮಾತು ನೇರವಾಗಿ ಹೇಳುತ್ತೇನೆ. ಕ್ವಾರಿ, ಕ್ರಷರ್ ಇಟ್ಟುಕೊಂಡ ನಮ್ಮ ಲಿಂಗಾಯತ ಬಂಧುಗಳು ಜಾತ್ರೆಗೆ ಕಾಣಿಕೆ ಬರೆಸುವ ಮೊದಲು ತಮ್ಮ ಕೂಲಿಕಾರರ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆಯಲಿ, ಅವರ ಎದೆ ತಪಾಸಣೆ ಮಾಡಿಸಲಿ. ಆಸ್ಪತ್ರೆ, ವೈದ್ಯಕೀಯ ಕಾಲೇಜು ನಡೆಸುವ ಮಠಗಳ ಬುದ್ಧಿಯವರು ತಿಂಗಳಿಗೊಮ್ಮೆ ಎಕ್ಸ್‌ರೇ ವಾಹನವನ್ನು ಕ್ವಾರಿಯ ಶೆಡ್ಡುಗಳಿಗೇ ಕಳಿಸಲಿ. ಪಂಚಾಯ್ತಿಯಲ್ಲಿರುವ ನಮ್ಮವರು ಆಶಾ ಕಾರ್ಯಕರ್ತೆಯರ ಮನೆಪಟ್ಟಿಗೆ ಶೆಡ್ಡುಗಳನ್ನೂ ಸೇರಿಸಲಿ, ಬಸುರಿಯರಿಗೆ ತಾಯಿ ಕಾರ್ಡು, ಮಕ್ಕಳಿಗೆ ಲಸಿಕೆ ಸಿಗುವಂತೆ ನೋಡಲಿ. ನಮ್ಮ ಬಸವ ಬಳಗಗಳಲ್ಲಿ ಹಿಂದಿ ಬಲ್ಲ ಹುಡುಗರು ಬೇಕಾದಷ್ಟಿದ್ದಾರೆ. ವಾರಕ್ಕೊಬ್ಬರು ಆಸ್ಪತ್ರೆಯ ಕಿಟಕಿಯ ಬಳಿ ನಿಂತು ಮಾತು ತಿಳಿಸಿಕೊಟ್ಟರೆ ಅದೇ ಲಿಂಗಪೂಜೆ.

ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಅನ್ನ, ಅಕ್ಷರ, ಆಶ್ರಯ ಎಂಬ ಮೂರು ದಾಸೋಹಗಳನ್ನು ಜಾತಿ ಮತ ನೋಡದೆ ನಡೆಸಿ ತೋರಿದರು. ಹಸಿದವನ ಊರು ಕೇಳದೆ ಬಡಿಸಲು ಕಲಿತಿರುವ ನಾವು ನರಳುವವನ ಊರನ್ನು ಮಾತ್ರ ಏಕೆ ಕೇಳಬೇಕು? ಮೊದಲು ಚಿಕಿತ್ಸೆಯಾಗಲಿ, ಕಾಗದ ಪತ್ರ ಆಮೇಲೆ.